ಎರಡು ಬೆರಳು ಹಿಂದೆ ಕೊರೆದ ಸೀಟು

ಆ ಗಾಡಿಯ ಬಣ್ಣ ಯಾವುದಿತ್ತು ಎಂಬ ವಿಷಯದಲ್ಲೇ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ಹಸಿರು, ಎಳೆ ಜೋಳದ ಹಸಿರು. ಅಕ್ಕ ಬಿಳಿ ಎನ್ನುತ್ತಾಳೆ. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಮೊದಲು ಬಿಳಿ ಇತ್ತು, ಆಮೇಲೆ ಹಸಿರು ಹೊಡೆಸಿದೆ ಎಂದು ಇಬ್ಬರಿಗೂ ಸಮಾಧಾನ ಹೇಳುತ್ತಾರೆ. ಎಲ್ಲರಿಗೂ ಸಮಾಧಾನ ಹೇಳುವುದು ಅವರ ಸ್ವಭಾವ, ಆದ್ದರಿಂದ ಅವರ ಸಾಕ್ಷಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದಿರುವ ಒಂದೇ ಫೋಟೊ ಕಪ್ಪುಬಿಳುಪಿನದು. ಬಣ್ಣ ಏನೇ ಇರಲಿ, ನಾನು ಬರೆಯಲು ಕೂತಿರುವುದು ಅದರೊಳಗಿನ ಒಂದು ಸೀಟಿನ ಬಗ್ಗೆ. ಅದನ್ನು ಕೊರೆದವನು ನಾನೇ ಎಂಬುದರಲ್ಲಿ ಮೂವರಿಗೂ ಅನುಮಾನವಿಲ್ಲ.

ಕಾಲುವೆಯ ನೀರು ಶಹಾಪುರದ ಸುತ್ತಿನ ಎರೆಹೊಲಗಳಿಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದಲ್ಲಿ ಭತ್ತದ ನಾಟಿ ನಡೆಯುತ್ತಿತ್ತು. ಮಾಮಾ ಕಾಲುವೆ ಕೆಲಸದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಹರಾಜಿನಲ್ಲಿ ಅವರಿಗೊಂದು ಹಳೇ ಜೀಪಿನ ಎಂಜಿನ್ನು ಮತ್ತು ಚಾಸಿ ಸಿಕ್ಕಿತ್ತು. ಮೇಲಿನ ಮೈಯನ್ನು ತುಕ್ಕು ತಿಂದು ಮುಗಿಸಿತ್ತು. ದೂರದ ಊರೊಂದರಲ್ಲಿ ಫೈಬರಿನ ಮೈಯನ್ನು ತುಂಡುತುಂಡಾಗಿ ಎರಕ ಹೊಯ್ದು ಕಳಿಸುವವರಿದ್ದಾರೆ, ಮನೆಯಲ್ಲೇ ಬೋಲ್ಟು ಹಾಕಿ ಜೋಡಿಸಿಕೊಂಡರೆ ಕಾರು ತಯಾರು ಎಂದು ಕಾಲುವೆ ಕ್ಯಾಂಪಿನ ಎಂಜಿನಿಯರೊಬ್ಬರು ಹೇಳಿದ್ದರಂತೆ. ಆ ಮೈ ರೈಲಿನಲ್ಲಿ ಯಾದಗಿರಿಗೆ ಬಂತು. ಗೂಡ್ಸ್ ಶೆಡ್ಡಿನಿಂದ ಬಿಡಿಸಿಕೊಂಡು ಬರಲು ನಾನೂ ಹೋಗಿದ್ದೆ. ಹುಲ್ಲು ತುರುಕಿದ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಬಾಗಿಲು, ಬಾನೆಟ್ಟು, ಟಾಪು ಬೇರೆಬೇರೆಯಾಗಿ ಮಲಗಿದ್ದವು. ಶೆಡ್ಡಿನ ಹಮಾಲನೊಬ್ಬ ಟಾಪನ್ನು ಬಡಿದು ನೋಡಿ, “ಇದೇನ್ರಿ, ಬಚ್ಚಲದ ತೊಟ್ಟಿ ಏನು?” ಎಂದು ಕೇಳಿದ. ಮಾಮಾ ನಗುತ್ತಾ, “ಹೌದಪಾ, ಎಂಜಿನ್ ಹಚ್ಚಿ ಊರೂರಿಗೆ ಜಳಕ ಮಾಡಸ್ತೀನಿ” ಅಂದರು.

ಆದರೆ ಕಾರು ಕಟ್ಟಿದ್ದು ಶೋಕಿಗಾಗಿ ಅಲ್ಲ. ಅಕ್ಕ ಸುರಪುರದ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಶಹಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಹಿಂದಿನ ದೀಪಾವಳಿಯ ಹೊತ್ತಿಗೆ, ಶಾಲೆಯ ಹಿಂದಿನ ಹೊಲಗಾಲುವೆಗೆ ಅಡ್ಡ ಹಾಕಿದ್ದ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಕಾಲು ಜಾರಿ, ಕುಕ್ಕರಿಸಿದಂತೆ ಬಿದ್ದಿದ್ದಳು. ದೊಡ್ಡದೇನೂ ಮುರಿಯಲಿಲ್ಲ. ಬೆನ್ನೆಲುಬಿನ ಕಟ್ಟಕಡೆಯ ಸಣ್ಣ ಮೂಳೆಗೆ ಮಾತ್ರ ಪೆಟ್ಟಾಗಿತ್ತು. ನಿಂತರೆ, ನಡೆದರೆ, ಮಗ್ಗುಲಾಗಿ ಮಲಗಿದರೆ ಏನೂ ಇಲ್ಲ. ಕೂತರೆ ಸೂಜಿ ಹೊಕ್ಕಂತೆ. ಶಾಲೆಯಲ್ಲಿ ಹೇಗೂ ನಿಂತೇ ಪಾಠ ಮಾಡುವವಳು. ಬಸ್ಸಿನದೇ ಕಷ್ಟ. ಆ ರಸ್ತೆಯಲ್ಲಿ ಕೂರುವಂತಿಲ್ಲ, ಅಷ್ಟು ದೂರ ಕಂಬಿ ಹಿಡಿದು ನಿಂತರೆ ಸಂಜೆಗೆ ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಬೇಸಿಗೆ ರಜೆ ಶುರುವಾದ ದಿನ ರಾಜೀನಾಮೆಯ ಕಾಗದ ಬರೆದು ಗೋಡೆಗಡಿಯಾರದ ಹಿಂದೆ ಸಿಗಿಸಿದಳು.

“ಸಾಲಿ ಶುರು ಆಗೂದ್ರಾಗ ನಾ ಕುಂತು ಹೋಗೂ ಹಂಗ ಆತಂದ್ರ ಇದನ್ನ ಹರೀತೀನಿ,” ಅಂದಳು. “ಇಲ್ಲಂದ್ರ ಕೊಟ್ಟು ಬರ್ತೀನಿ. ದಿನಾ ಅಳಕೋತ ಹೋಗಾಕ ನನಗ ಆಗಂಗಿಲ್ಲ.”

ಮಾಮಾರ ಕೆಲಸವೂ ಆಗ ಸುರಪುರದ ಕಡೆಗೇ ಬಿದ್ದಿತ್ತು. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರಬಹುದಿತ್ತು. ಆ ಮೈ ಬಂದದ್ದು ಏಪ್ರಿಲ್ ಕೊನೆಗೆ. ಉಳಿದದ್ದು ಒಂದು ತಿಂಗಳು.

ನಾನು ಗುಲ್ಬರ್ಗದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ ಬಂದು, ಎಲ್ಲೂ ನೆಲೆ ನಿಲ್ಲದೆ ತಿರುಗುತ್ತಿದ್ದೆ. ದೋರನಹಳ್ಳಿಯ ನಮ್ಮ ಮನೆಯಲ್ಲಿ ಎರಡು ದಿನ, ಅಕ್ಕನ ಮನೆಯಲ್ಲಿ ನಾಲ್ಕು ದಿನ, ಅರ್ಜಿ ಹಾಕಲು ಯಾದಗಿರಿ. ಸಿಕ್ಕವರೊಡನೆ ವಾದ ಮಾಡುತ್ತಿದ್ದೆ. ಅಕ್ಕನ ನೋವಿಗೆ ಅವ್ವ ದರ್ಗಾಕ್ಕೂ ಗುಡಿಗೂ ಹರಕೆ ಹೊತ್ತಾಗ, ಎರಡರಲ್ಲಿ ಯಾವುದು ಕೆಲಸ ಮಾಡಿತು ಎಂದು ಹೇಗೆ ತಿಳಿಯುತ್ತದೆ, ಒಂದೊಂದಾಗಿ ಹೊತ್ತು ನೋಡು ಎಂದು ಹೇಳಿದವನು ನಾನು. ಅವ್ವ ಅದಕ್ಕೆ ನಗಲಿಲ್ಲ.

ಫೈಬರಿನ ಮೈ ಒಳಗಿನಿಂದ ಬರಿಯ ಚಿಪ್ಪು. ಬಿಸಿಲಿಗೆ ಕಾದ ಹಂಚಾಗುತ್ತಿತ್ತು. ಎಂಜಿನ್ ಶುರು ಮಾಡಿದರೆ ಡಬ್ಬಿಯೊಳಗೆ ಕಲ್ಲು ಹಾಕಿ ಅಲುಗಾಡಿಸಿದ ಸದ್ದು. ಬಾಗಿಲಿಗೆ, ಟಾಪಿಗೆ, ನೆಲಕ್ಕೆ ಫೋಮು ಕತ್ತರಿಸಿ ಅಂಟಿಸಬೇಕು, ಅಕ್ಕನಿಗೊಂದು ಬೇರೆ ಸೀಟು ಮಾಡಬೇಕು. ಆ ಕೆಲಸವನ್ನು ನಾನು ಮಾಡುತ್ತೇನೆ ಅಂದೆ. ಜೊತೆಗೆ ಬಂದವರು ಗಾದಿ ಚಾಚಾ.

ಚಾಚಾ ಶಹಾಪುರದ ಪಿಂಜಾರರು. ಅರವತ್ತು ದಾಟಿದ್ದರು. ಅವರ ತಂದೆಯ ಕಾಲದಿಂದ ಮನೆಮನೆಗೆ ಹೋಗಿ ಕಮಾನು ಮೀಟಿ ಹತ್ತಿ ಹಿಂಜಿ ಗಾದಿ ತುಂಬುವ ಕೆಲಸ. ಕಾಲುವೆಯ ಜೊತೆ ಬಂದ ಸಾಹೇಬರುಗಳ ಕ್ವಾರ್ಟರ್ಸಿಗೆ ಸೋಫಾ, ಫೋಮಿನ ಹಾಸಿಗೆ ಬಂದ ಮೇಲೆ ಫೋಮನ್ನೂ ಕಲಿತಿದ್ದರು. ಆದರೂ ಹಾಳೆಯನ್ನು ಬಿಚ್ಚಿದ ಕೂಡಲೇ ಹತ್ತಿಯನ್ನು ಬಡಿದಂತೆ ಕೋಲಿನಿಂದ ಎರಡು ಏಟು ಹಾಕುತ್ತಿದ್ದರು. ಯಾಕೆ ಎಂದು ಕೇಳಿದೆ. “ಕೈಗೆ ಚಟ ಅದರಿ ಸರ. ಫೋಮಿಗೇನು ನೋವಾಗಂಗಿಲ್ಲ,” ಅಂದರು.

ಬೆಳಗಿನ ಆರರಿಂದ ಒಂಬತ್ತರ ತನಕ ಮಾತ್ರ ಕೆಲಸ. ಆಮೇಲೆ ಚಿಪ್ಪಿನೊಳಗೆ ಕೈ ಇಡಲಾಗುತ್ತಿರಲಿಲ್ಲ. ವರ್ತಮಾನ ಪತ್ರಿಕೆಗಳನ್ನು ಗಂಜಿಯಿಂದ ಒಂದಕ್ಕೊಂದು ಅಂಟಿಸಿ, ಚಿಪ್ಪಿನ ಉಬ್ಬುತಗ್ಗಿಗೆ ಒತ್ತಿ, ಅಂಚು ಮಡಚಿ ಅಚ್ಚು ತೆಗೆಯುವುದು ನಾನು ಹುಡುಕಿದ ಪದ್ಧತಿ. ಆ ಅಚ್ಚನ್ನು ಫೋಮಿನ ಮೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಚಾಚಾ ಗೆರೆಯ ಪಕ್ಕಕ್ಕೆ ಹಲಗೆ ಇಟ್ಟು, ಮೊಣಕಾಲಿನಿಂದ ಅದುಮಿ, ಉದ್ದನೆಯ ಚೂರಿಯನ್ನು ಒಂದೇ ಎಳೆತಕ್ಕೆ ಎಳೆಯುತ್ತಿದ್ದರು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಫೋಮು ರವೆಯಾಗಿ ಉದುರುತ್ತದೆ. ಗೆರೆಯ ಮೇಲೆ ಕೊರೆಯದೆ ಒಂದು ಬೆರಳು ಹೊರಗೆ ಕೊರೆಯುತ್ತಿದ್ದರು. ನಾನು ಗೆರೆ ತೋರಿಸಿದರೆ, “ಬಿಗೀ ಕುಂದರಬೇಕ್ರಿ. ಗೆರಿ ನೋಡಿ ಕೊರದ್ರ ನಾಳೆ ಸಂದಿ ಬೀಳ್ತದ,” ಎನ್ನುತ್ತಿದ್ದರು. ಆಮೇಲೆ ಎರಡೂ ಕಡೆಗೆ ಸಲೂಷನ್ ಸವರಿ ಕಾಯಬೇಕು. ಬೆರಳಿನ ಹಿಂಭಾಗ ಮುಟ್ಟಿಸಿದರೆ ಅಂಟಬಾರದು, ಆದರೆ ಎಳೆಯಬೇಕು. ಆ ಕ್ಷಣದಲ್ಲಿ ಒತ್ತಬೇಕು. ಒಮ್ಮೆ ಹಿಡಿದರೆ ಹರಿದೇ ಬರುತ್ತದೆ. ಆ ವಾಸನೆಗೆ ತಲೆ ತಿರುಗುತ್ತಿತ್ತು. ಅಷ್ಟು ಮಾತ್ರ ಖಚಿತ. ಆ ಸಲೂಷನ್ನಿನ ವಾಸನೆ ಈಗಲೂ ಪಂಕ್ಚರ್ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸುತ್ತದೆ.

ಮೊದಲ ವಾರದಲ್ಲೇ ನಾನು ನಗೆಪಾಟಲಾದೆ. ಬಾಗಿಲಿನ ಫೋಮಿಗೆ ಒಂದು ಬದಿಗೆ ರೆಕ್ಸಿನ್ ಹಿಡಿಸಿಯೇ ಬಂದಿತ್ತು. ಒಂದೇ ಅಚ್ಚಿನಿಂದ ಎರಡೂ ಬಾಗಿಲಿನದನ್ನು ಕೊರೆಸಿದೆ, ಎರಡನೆಯದಕ್ಕೆ ಅಚ್ಚನ್ನು ಮಗುಚಬೇಕೆಂಬುದು ಹೊಳೆಯಲಿಲ್ಲ. ಎರಡೂ ಎಡಬಾಗಿಲಿನವೇ ಆದವು.

ಮಾಮಾ ಬಂದು ನೋಡಿದರು. “ಎಮ್ಮೆಸ್ಸಿ ಓದಿದವರ ಗಾಡಿಗೆ ಎರಡೂ ಬಾಗಲಾ ಒಂದ ಕಡಿಗೆ ಇರ್ತಾವೇನಪಾ?” ಎಂದು ಕೇಳಿದರು.

“ಬಲಗಡಿಯಿಂದ ಯಾರೂ ಇಳೀಬಾರದಂತ ಮಾಡ್ಯಾರ್ರಿ,” ಅಂದರು ಚಾಚಾ. “ಆ ಕಡಿ ಲಾರಿ ಭಾಳ ಬರ್ತಾವ.”

ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು. ಸೀಟಿನ ವಿಷಯದಲ್ಲಿ ನಾನು ಅಷ್ಟು ಹಟ ಹಿಡಿದದ್ದು ಆ ನಗುವಿನಿಂದ ಎಂದು ಈಗ ಅಂದುಕೊಳ್ಳುತ್ತೇನೆ. ಇದು ಆಮೇಲೆ ಹುಡುಕಿಕೊಂಡ ಕಾರಣವೂ ಇರಬಹುದು. ನಾನು ಮೊದಲಿನಿಂದಲೂ ಹಟಮಾರಿಯೇ.

ಅಕ್ಕನ ಸೀಟಿಗೆ ನನ್ನದೊಂದು ಲೆಕ್ಕವಿತ್ತು. ಕೆಳಗೆ ಗಟ್ಟಿ ಫೋಮು, ಮೇಲೆ ಮೆತ್ತಗಿನದು. ಹಿಂಭಾಗದ ನಡುವೆ, ಆ ಮೂಳೆ ಬರುವಲ್ಲಿ ಒಂದು ಕೊರೆತ. ಮೈಭಾರವನ್ನು ತೊಡೆಗಳು ಹೊರಬೇಕು, ಮೂಳೆ ಗಾಳಿಯಲ್ಲಿ ತೇಲಬೇಕು. ಕಾಗದದ ಮೇಲೆ ಬಾಣಗಳನ್ನು ಎಳೆದು ಮಾಮಾರಿಗೆ ವಿವರಿಸಿದೆ. ಕೊರೆತ ಎಲ್ಲಿರಬೇಕು, ಎಷ್ಟು ಆಳ ಎಂಬುದಕ್ಕೆ ಮನೆಯ ಕಟ್ಟಿಗೆ ಕುರ್ಚಿಯ ಮೇಲೆ ಅಕ್ಕನನ್ನು ಒಂದು ನಿಮಿಷ ಕೂರಿಸಿ, ಟೇಪು ಹಿಡಿದು ಅಳೆದುಕೊಂಡೆ. ಆ ಒಂದು ನಿಮಿಷವೂ ಅವಳು ಹಲ್ಲು ಕಚ್ಚಿಕೊಂಡಿದ್ದಳು.

ಚಾಚಾ ಕಾಗದವನ್ನು ನೋಡಿ ಮಡಚಿ ಕೊಟ್ಟರು. “ಹಂಗ ಬ್ಯಾಡ್ರಿ ಸರ. ಒಂದು ಚೀಲದಾಗ ಹಸಿ ಉಸುಕು ತುಂಬಿ ಗಾಡ್ಯಾಗ ಇಡೂನು. ಅಕ್ಕಾವರು ಅದರ ಮ್ಯಾಲ ಒಮ್ಮಿ ಕುಂತು ಏಳಲಿ. ನಾ ಆ ಕಡಿ ಹೋಗಿರ್ತೀನಿ. ಎಲ್ಲಿ ಒತ್ತತದ ಅಂತ ಉಸುಕು ಹೇಳ್ತದ.”

“ಗಾಡಿಯಲ್ಲೇ ಯಾಕೆ? ಕುರ್ಚಿಯ ಮೇಲೆ ಅಳೆದಿದ್ದೀನಲ್ಲ,” ಅಂದೆ.

“ಕುರ್ಚಿ ಬ್ಯಾರೆ, ಗಾಡಿ ಬ್ಯಾರೆ.”

ಯಾಕೆ ಬೇರೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಟೀಚರಮ್ಮ ಉಸುಕಿನ ಚೀಲದ ಮೇಲೆ ಕೂರುವುದು, ನಾವು ಅದನ್ನು ಬಗ್ಗಿ ನೋಡುವುದು ನನಗೆ ಅಸಹ್ಯವೆನಿಸಿತು. ಅಳತೆ ಇರುವಾಗ ಉಸುಕು ಯಾಕೆ ಅಂದೆ. ಚಾಚಾ ಚೂರಿ ನನ್ನ ಕೈಗೆ ಕೊಟ್ಟರು. “ಹಂಗಾದ್ರ ನೀವ ಕೊರೀರಿ,” ಅಂದರು. ಸಿಟ್ಟಿನಿಂದ ಅಂದರೋ, ಅಕ್ಕನ ಸೀಟನ್ನು ತಮ್ಮನೇ ಕೊರೆಯಲಿ ಎಂಬ ಪ್ರೀತಿಯಿಂದ ಅಂದರೋ ಗೊತ್ತಿಲ್ಲ. ನಾನು ಕೊರೆದೆ. ಗೆರೆಯ ಮೇಲೆಯೇ, ಕೂದಲೆಳೆಯಷ್ಟೂ ತಪ್ಪದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಆ ವರ್ಷ ನಾನು ಟ್ಯೂಷನ್ ಹೇಳಿ ಸ್ವಲ್ಪ ಗಳಿಸಿದ್ದೆ. ಹಿಂದಿನ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲೂ ಹೋಗಿರಲಿಲ್ಲ, ಸೀರೆಯನ್ನೂ ಕೊಡಿಸಿರಲಿಲ್ಲ. ಅದು ಮನಸ್ಸಿನಲ್ಲಿತ್ತು. ಸೀಟಿನ ಫೋಮು, ರೆಕ್ಸಿನ್, ಚಾಚಾರ ಮಜೂರಿ ಎಲ್ಲಾ ತವರಿನ ಕಡೆಯಿಂದ ಇರಲಿ ಎಂದು ಹೇಳಿದೆ. ಅಕ್ಕನ ಮುಖ ಅರಳಿತು. ಸಂಜೆಯೊಳಗೆ ಅವಳ ಅತ್ತೆಗೆ, ಆಚೀಚೆ ಮನೆಯವರಿಗೆ, ನೀರಿಗೆ ಬಂದವರಿಗೆಲ್ಲ ಸುದ್ದಿ ಮುಟ್ಟಿತ್ತು: “ನಮ್ಮ ತಮ್ಮ ಮಾಡಸಾಕತ್ತಾನ.” ಅವ್ವ ದೋರನಹಳ್ಳಿಯಿಂದ ಬಂದಾಗ ಇನ್ನೂ ರೆಕ್ಸಿನ್ ಹೊಲಿಯದ ಫೋಮಿಗೆ ಅರಿಶಿನ ಕುಂಕುಮ ಹಚ್ಚಿದಳು.

ಆಗ ಚಾಚಾ ಒಂದು ಮಾತು ಹೇಳಿದ್ದರು. ಅಥವಾ ವರ್ಷಗಳ ನಂತರ ಹೇಳಿದ ಮಾತನ್ನು ನಾನೇ ಆ ಬೇಸಿಗೆಗೆ ಒಯ್ದು ಇಟ್ಟಿದ್ದೇನೆ. ಎರಡರಲ್ಲಿ ಯಾವುದು ಎಂದು ಪ್ರಮಾಣ ಮಾಡಲಾರೆ. ಕುಂಕುಮ ಹಚ್ಚಿದ ಫೋಮನ್ನು ನೋಡುತ್ತಾ ಅವರು ಅಂದದ್ದು ಹೀಗೆ:

“ಗಾದಿ ಅಂದ್ರ ಬೈಸಿಕೊಳ್ಳೋ ಸಾಮಾನ್ರಿ ಸರ. ಕೊಟ್ಟ ಮರುದಿನ ಯಾರರೆ ಬಂದು ಬೈದ್ರ ನನಗ ಛಲೋ. ಎಲ್ಲಿ ಗಂಟು ಉಳದದ ಅಂತ ತಿಳೀತದ, ಬಿಚ್ಚಿ ಸರಿ ಮಾಡ್ತೀನಿ. ಇದನ್ನ ನಿಮ್ಮ ಮಾಮಾರ ಕಡಿಂದನ ಕೊಡಸ್ರಿ. ಅವರಿಗೆ ಅಕ್ಕಾವರು ಮನಸಾರೆ ಬೈತಾರ. ನಿಮಗ ಬೈಯಂಗಿಲ್ಲ.”

ನಾನು ನಕ್ಕಿರಬೇಕು. ತವರಿನಿಂದ ಬಂದದ್ದಕ್ಕೆ ಹೆಸರಿಡಬಾರದು, ಕೊರತೆ ಹೇಳಬಾರದು ಎಂಬುದು ನಮ್ಮ ಕಡೆಯ ಹೆಂಗಸರಿಗೆ ಯಾರೂ ಕಲಿಸದೆ ಬರುವ ಪಾಠ. ಬಳೆ ಬಿಗಿಯಾದರೂ ಕೈ ಊದಿದೆ ಎನ್ನುತ್ತಾರೆ. ಸೀರೆಯ ಬಣ್ಣ ಬಿಟ್ಟರೆ ನೀರು ಸವಳು ಎನ್ನುತ್ತಾರೆ. ಇದು ನನಗೆ ಗೊತ್ತಿತ್ತು. ಆದರೆ ಅದು ಬಳೆ ಸೀರೆಯ ಮಾತು, ಭೌತಶಾಸ್ತ್ರದ ಸೀಟಿಗೆ ಅದು ತಾಗುತ್ತದೆ ಎಂದು ಹೊಳೆಯಲಿಲ್ಲ.

ಶಾಲೆ ಶುರುವಾಗುವ ಎರಡು ದಿನ ಮುಂಚೆ ಎಲ್ಲಾ ಮುಗಿಯಿತು. ಅದಕ್ಕೂ ಮುಂಚೆ ಮಾಮಾ ಒಬ್ಬರೇ ಗಾಡಿ ಹೊಡೆದು ನೋಡಲು ಹೋದಾಗ, ಬಿಸಿಲಿಗೆ ಸಲೂಷನ್ ಸಡಿಲಾಗಿ ಟಾಪಿನ ಫೋಮು ಇಡಿಯಾಗಿ ಅವರ ತಲೆಯ ಮೇಲೆ ಬಿದ್ದಿತ್ತು. ಕಂಬಳಿ ಹೊದ್ದವರಂತೆ ಮನೆಗೆ ಬಂದು, “ಮ್ಯಾಲಿಂದ ಆಶೀರ್ವಾದ ಆತು,” ಅಂದರು. ಅದನ್ನು ಮತ್ತೆ ಅಂಟಿಸಿ, ಅಡ್ಡಪಟ್ಟಿ ಹೊಡೆದೆವು. ಹಾಗೆ ಆಗಲೇ ಇಲ್ಲ, ಟಾಪಿಗೆ ನಾವು ಫೋಮು ಹಾಕಿಯೇ ಇರಲಿಲ್ಲ ಎಂದು ಮಾಮಾ ಈಗ ವಾದಿಸುತ್ತಾರೆ.

ಅಕ್ಕ ಹೊಸ ಸೀರೆ ಉಟ್ಟು ಬಂದು ಕೂತಳು. ಮನೆಯವರೆಲ್ಲಾ ಸುತ್ತ ನಿಂತಿದ್ದರು, ಅವಳ ಅತ್ತೆಯೂ. ಮಾಮಾ ಕಾಲುವೆಯ ಸೇತುವೆಯ ತನಕ ಹೋಗಿ ತಿರುಗಿಸಿಕೊಂಡು ಬಂದರು.

“ಹೆಂಗದ ಅಕ್ಕ?” ಎಂದು ಕೇಳಿದೆ.

“ಛಲೋ ಆಗ್ಯಾದ ತಮ್ಮಾ,” ಅಂದಳು. “ಹೂವಿನಂಗ ಅದ.”

“ನೋವು?”

“ಎಲ್ಲೀದ ನೋವು.”

ಒಳಗೆ ಹೋಗಿ ಗಡಿಯಾರದ ಹಿಂದಿನ ಕಾಗದ ತೆಗೆದು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದಳು. ಅದಕ್ಕೂ ಮುಂಚೆ, ಗಾಡಿಯಿಂದ ಇಳಿಯುವಾಗ, ಬಾಗಿಲಿನ ಅಂಚನ್ನು ಹಿಡಿದು ಒಂದು ಗಳಿಗೆ ನಿಂತಿದ್ದಳು ಎಂದು ನನಗೆ ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ಅದು ತಪ್ಪಿತಸ್ಥನಿಗೆ ಬೇಕಾದ ನೆನಪು. ಆಗಲೇ ಸುಳಿವು ಇತ್ತು, ಕಣ್ಣು ತೆರೆದಿದ್ದರೆ ಕಾಣುತ್ತಿತ್ತು ಎಂದು ಹೇಳುವಂಥದು. ನಿಜವಾಗಿ ನಾನು ಅವಳನ್ನು ನೋಡುತ್ತಲೇ ಇರಲಿಲ್ಲ ಎಂದು ಕಾಣುತ್ತದೆ. ಚಾಚಾರ ಮುಖ ನೋಡುತ್ತಿದ್ದೆ, ಗೆದ್ದವನಂತೆ.

ಆ ಮಳೆಗಾಲ ನನಗೆ ಯಾದಗಿರಿಯ ಕಾಲೇಜೊಂದರಲ್ಲಿ ತಾತ್ಕಾಲಿಕ ಪಾಠದ ಕೆಲಸ ಸಿಕ್ಕಿತು. ಭಾನುವಾರಗಳಲ್ಲಿ ಶಹಾಪುರಕ್ಕೆ ಬರುತ್ತಿದ್ದೆ. ಬಂದಾಗಲೆಲ್ಲ ಸೀಟಿನ ಬಗ್ಗೆ ಕೇಳುತ್ತಿದ್ದೆ, ಹೊಗಳಿಕೆ ಕೇಳಲೆಂದೇ. ಛಲೋ ಅದ ಎನ್ನುತ್ತಿದ್ದಳು. ನನ್ನ ವಿದ್ಯಾರ್ಥಿಗಳಿಗೆ ಆ ಸೀಟನ್ನು ಉದಾಹರಣೆ ಕೊಟ್ಟು ಭಾರ ಹಂಚಿಕೆಯ ಪಾಠ ಮಾಡಿದ್ದೆ. ದೇವರಿಗೂ ಜಾತಕಕ್ಕೂ ಪುರಾವೆ ಕೇಳುತ್ತಿದ್ದವನು ಈ ಒಂದು ಉತ್ತರಕ್ಕೆ ಪುರಾವೆ ಕೇಳಲಿಲ್ಲ, ಅದು ನನ್ನ ಪರವಾಗಿತ್ತು.

ಪಂಚಮಿಗೆ ಅದೇ ಗಾಡಿಯಲ್ಲಿ ಅವಳನ್ನು ದೋರನಹಳ್ಳಿಗೆ ಕರೆದುಕೊಂಡು ಹೋದೆವು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಚಿಕ್ಕವಳಿದ್ದಾಗ ಅದರಿಂದ ಇಳಿಸಲು ಅವಳನ್ನು ಬೈಯಬೇಕಿತ್ತು. ಆ ದಿನ ಹತ್ತಲಿಲ್ಲ. ಗೆಳತಿಯರು ಎಳೆದಾಡಿದರು. “ನಾ ದೂಗ್ತೀನಿ, ನೀವು ಆಡ್ರಿ,” ಎಂದು ಎಲ್ಲರನ್ನೂ ದೂಗುತ್ತಾ ನಿಂತಳು. ಹಬ್ಬದ ಸಿಹಿ ಉಂಡಿಯನ್ನೂ ನಿಂತೇ ತಿಂದಳು. ಇದು ನನಗೊಬ್ಬನಿಗೇ ಅಲ್ಲ, ಅವ್ವನಿಗೂ ನೆನಪಿತ್ತು, ಆದ್ದರಿಂದ ನಿಜವಿರಬೇಕು.

ದಸರೆ ರಜೆಗೆ ಮುಂಚೆ ಅವಳು ರಾಜೀನಾಮೆ ಕೊಟ್ಟಳು. ನನಗೆ ತಿಳಿದದ್ದು ಎಂಟು ದಿನಗಳ ನಂತರ, ಭಾನುವಾರ ಬಂದಾಗ.

“ಯಾಕೆ?”

“ಮನ್ಯಾಗ ಕೆಲಸ ಭಾಳ ಆಗ್ಯಾದ. ಅತ್ತಿಯಾರಿಗೆ ಆಗಂಗಿಲ್ಲ.”

ಆ ಮಧ್ಯಾಹ್ನ ನಾನು ಅವಳಿಗೆ ಉಪನ್ಯಾಸ ಕೊಟ್ಟೆ. ಹೌದು, ಉಪನ್ಯಾಸವೇ. ಓದಿದ ಹೆಣ್ಣುಮಗಳು ಅಡುಗೆಮನೆಗೆ ಶರಣಾಗುವುದು, ಅತ್ತೆಯ ಮನೆಯ ಸಂಪ್ರದಾಯ, ಹೆಣ್ಣಿನ ಸ್ವಾತಂತ್ರ್ಯ, ಇನ್ನೂ ಏನೇನೋ. ನಿನ್ನ ಅಡ್ಡಿಯನ್ನು ನಾವೆಲ್ಲ ಸೇರಿ ತೆಗೆದು ಹಾಕಿದ್ದೆವು, ಆದರೂ ನೀನು ಬಿಟ್ಟುಕೊಟ್ಟೆ ಎಂದೆ. ಅವಳ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆ ಮುದುಕಿಯದು ಏನೂ ತಪ್ಪಿರಲಿಲ್ಲ; ಸೊಸೆಯ ಕೆಲಸ ಉಳಿಯಲಿ ಎಂದು ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದವರು. ಅಕ್ಕ ಗೋಡೆಗೆ ಒರಗಿ ನಿಂತು ಅಕ್ಕಿ ಆರಿಸುತ್ತಿದ್ದಳು.

“ಹೌದಪಾ, ನಂದ ತಪ್ಪು,” ಅಂದಳು. “ಚಾ ಕುಡೀತೀಯೇನು?”

ಮುಂದೆ ಮಾಮಾ ಆ ಸೀಟನ್ನು ಬಿಚ್ಚಿ, ಗೋಣಿ ಸುತ್ತಿ ಅಟ್ಟಕ್ಕೆ ಹಾಕಿದರು. ಗಾಡಿಗೆ ಎಲ್ಲರೂ ಕೂರುವಂಥ ಸಾದಾ ಸೀಟು ಬಂತು. ಅದಕ್ಕೂ ನಾನು ಕಾರಣ ಕೇಳಲಿಲ್ಲ. ಮೂರು ನಾಲ್ಕು ವರ್ಷಗಳ ನಂತರ ಗಾಡಿ ಮಾರುವ ಮಾತು ಬಂದಾಗ, ಅಟ್ಟದ ಸೀಟನ್ನು ಚಾಚಾರ ಅಂಗಡಿಗೆ ಕಳಿಸಿದರು, ಫೋಮು ಯಾವುದಕ್ಕಾದರೂ ಬರಲಿ ಎಂದು. ಅಷ್ಟೊತ್ತಿಗೆ ನಾನು ಎರಡು ಕಾಲೇಜು ಬದಲಿಸಿ ಸುರಪುರದಲ್ಲಿದ್ದೆ. ಶಹಾಪುರದ ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿದ್ದವನನ್ನು ಚಾಚಾ ಕೂಗಿ ಕರೆದರು.

“ಸರ, ಇಲ್ಲಿ ಬರ್ರಿ. ನಿಮ್ಮ ಸೀಟು ನೋಡ್ರಿ.”

ರೆಕ್ಸಿನ್ ಸುಲಿದು ಇಟ್ಟಿದ್ದರು. ಫೋಮಿನ ಎಡಭಾಗ ಕುಸಿದು ಚಪ್ಪಟೆಯಾಗಿತ್ತು, ಅಂಗೈ ಇಟ್ಟರೆ ಕೆಳಗಿನ ಗಟ್ಟಿ ಪದರ ತಾಗುತ್ತಿತ್ತು. ಬಲಭಾಗ ಹೊಸದರಂತೆ ಉಬ್ಬಿಕೊಂಡೇ ಇತ್ತು. ನಡುವಿನ ಕೊರೆತದ ಅಂಚು ನಾನು ಕೊರೆದ ದಿನ ಇದ್ದ ಹಾಗೇ, ಚೂಪಾಗಿ.

ನಾನು ನಂಬಲಿಲ್ಲ. ಅಟ್ಟದಲ್ಲಿ ಮೇಲೆ ಚೀಲ ಏನಾದರೂ ಹೇರಿದ್ದರೇನೋ ಎಂದೆ. ಚಾಚಾ ರೆಕ್ಸಿನ್ನಿನ ಹೊದಿಕೆಯನ್ನು ಬಿಡಿಸಿ ತೋರಿಸಿದರು. ಎಡಗಡೆ ಮಾತ್ರ ಉಜ್ಜಿ ಉಜ್ಜಿ ಹೊಳಪು ಹೋಗಿತ್ತು. ನಾಲ್ಕು ತಿಂಗಳು ಅವಳು ಒಂದೇ ತೊಡೆಯ ಮೇಲೆ ಭಾರ ಹಾಕಿ, ವಾಲಿ ಕೂತಿದ್ದಳು, ಹೋಗುವಾಗಲೂ ಬರುವಾಗಲೂ.

“ಗಾಡಿ ಸೀಟು ಹಿಂದಕ್ಕ ವಾಲಿರ್ತದ್ರಿ ಸರ,” ಅಂದರು ಚಾಚಾ. “ಮನಿಷ್ಯಾ ಮುಂದ ಜಾರ್ತಾನ. ಕುರ್ಚಿ ಮ್ಯಾಲ ಜಾರಂಗಿಲ್ಲ. ಇಲ್ಲಿ ನೋಡ್ರಿ, ಎಲುಬು ಬಂದು ಈ ಅಂಚಿಗೇ ಬಡೀತದ. ಸೀದಾ ಹಲಗಿ ಮ್ಯಾಲ ಕುಂತಿದ್ರ ಇದಕ್ಕಿಂತ ಕಡಿಮಿ ನೋವು.”

ಎಷ್ಟು ಮುಂದಕ್ಕೆ ಕೊರೆಯಬೇಕಿತ್ತು ಎಂದು ಕೇಳಿದೆ. ಅವರು ಎರಡು ಬೆರಳು ಜೋಡಿಸಿ ಅಂಚಿನ ಮೇಲಿಟ್ಟರು.

“ಒಂದು ಮಾತು ಹೇಳಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು,” ಅಂದೆ.

“ಯಾರು ಹೇಳ್ತಾರ್ರಿ? ತವರಮನಿ ಸಾಮಾನು. ಅತ್ತಿ ಎದುರಿಗೆ ಹೆಂಗ ಹೇಳ್ತಾಳ ಅಕಿ, ನನ್ನ ತಮ್ಮ ಮಾಡಿದ್ದು ಚುಚ್ಚತದ ಅಂತ?”

ಮಾಮಾರನ್ನು ಕೇಳಿದೆ. ತಾನು ರಸ್ತೆ ನೋಡುತ್ತಿದ್ದೆ, ಪಕ್ಕದಲ್ಲಿ ಹೇಗೆ ಕೂತಿದ್ದಾಳೆಂದು ಗಮನಿಸಲಿಲ್ಲ ಅಂದರು. ಬೆಳಿಗ್ಗೆ ಊರು ದಾಟಿದ ಮೇಲೆ ಒಂದು ಹಳೇ ಸೀರೆಯ ಮಡಿಕೆಯನ್ನು ಒಂದು ಕಡೆಗೆ ಹಾಕಿಕೊಳ್ಳುತ್ತಿದ್ದಳು, ಸಂಜೆ ಊರು ಬರುವ ಮುಂಚೆ ತೆಗೆದು ಚೀಲದಲ್ಲಿಡುತ್ತಿದ್ದಳು, ಧೂಳಿಗೆ ಅಂತ ತಿಳಿದಿದ್ದೆ ಅಂದರು. ಅದನ್ನು ಅವರು ಹೇಳಿದಾಗ ನನ್ನ ಕಣ್ಣು ತಪ್ಪಿಸಿದರು. ಬಹುಶಃ ಗೊತ್ತಿತ್ತು. ಹೆಂಡತಿಯ ತವರಿನ ಉಡುಗೊರೆಯಲ್ಲಿ ಗಂಡ ತಪ್ಪು ತೆಗೆದರೆ ಅದರ ಅರ್ಥವೇ ಬೇರೆಯಾಗುತ್ತದೆ. ಅವರಿಗೂ ಬಾಯಿ ಕಟ್ಟಿತ್ತು. ಫೋಮನ್ನು ಅವರೇ ಕೊಂಡಿದ್ದರೆ ಮೊದಲ ಸಂಜೆಯೇ ಅವಳು ಬಾಗಿಲು ಬಡಿದು ಇಳಿದು, ಯಾವ ಪುಣ್ಯಾತ್ಮ ಮಾಡಿದ್ದು ಇದನ್ನು ಎಂದು ಕೇಳುತ್ತಿದ್ದಳು.

ಅಕ್ಕನ ಹತ್ತಿರ ಈ ಮಾತೆತ್ತಲು ನನಗೆ ಮತ್ತೆ ಬಹಳ ವರ್ಷಗಳು ಹಿಡಿದವು. ಕೆಲಸ, ಊರು, ವಿಳಾಸ ಬದಲಿಸುವುದು ನನಗೆ ಯಾವಾಗಲೂ ಒಂದು ಕ್ಷಮೆ ಕೇಳುವುದಕ್ಕಿಂತ ಸುಲಭವಾಗಿತ್ತು. ಹೋದ ವರ್ಷ, ಅವಳ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೆ. ಊಟವಾದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಳು. ನೋವು ಹೋಗಿ ಎಷ್ಟೋ ಕಾಲವಾಗಿದೆ.

“ಆ ಸೀಟು ನಾನು ತಪ್ಪಾಗಿ ಕೊರೆದಿದ್ದೆ ಅಕ್ಕ,” ಅಂದೆ.

“ಯಾವ ಸೀಟು?”

ಹೇಳಿದೆ. ವಾಲಿದ ಬೆನ್ನು, ಕುರ್ಚಿಯ ಅಳತೆ, ಉಸುಕಿನ ಚೀಲ, ಎಲ್ಲಾ ಬಿಡಿಸಿ ಹೇಳಿದೆ.

“ಛಲೋ ಇತ್ತಲ್ಲೋ,” ಅಂದಳು.

“ಇರಲಿಲ್ಲ. ನಾನು ಫೋಮು ನೋಡಿದ್ದೀನಿ.”

ಒಳಗೆ ಹೆಂಗಸರು ತೊಟ್ಟಿಲ ಹತ್ತಿರ ನಗುತ್ತಿದ್ದರು.

“ಸೀಟಿನ ಮಾತು ಬಿಡು,” ಅಂದಳು ಆಮೇಲೆ. “ನಾಲ್ಕನೇತ್ತಿ ಹುಡುಗರಿಗೆ ಆಗಷ್ಟೇ ಭಾಗಾಕಾರ ಶುರು ಮಾಡಿದ್ದೆ. ಇಪ್ಪತ್ತೊಂದು ಹುಡುಗರು. ಎಂಟು ಮಂದಿಗೆ ಬಂದಿತ್ತು, ಉಳದವರಿಗೆ ಇನ್ನೂ ಬಂದಿದ್ದಿಲ್ಲ. ದಸರಿ ರಜಾ ಮುಗಿಸಿ ಬಂದು ಮೊದಲಿಂದ ಹೇಳ್ತೀನಿ ಅಂತ ಹೇಳಿ ಬಂದಿದ್ದೆ.”

“ಬೇರೆ ಟೀಚರ್ ಬಂದಿರಬೇಕು.”

“ಬಂದಿರಬೇಕು. ಯಾರು ಬಂದ್ರೋ, ಎಲ್ಲಿಂದ ಶುರು ಮಾಡಿದ್ರೋ. ನಾ ಕೇಳಾಕ ಹೋಗಲಿಲ್ಲ.”

ಆ ಹಳ್ಳಿ ನಾನಿದ್ದ ಸುರಪುರದಿಂದ ದೂರವೇನಿರಲಿಲ್ಲ. ಎರಡು ವರ್ಷ ನಾನು ಅಲ್ಲೇ ಇದ್ದೆ, ಒಮ್ಮೆಯೂ ಆ ಕಡೆ ಹೋಗಲಿಲ್ಲ. ಇದನ್ನು ಅವಳಿಗೆ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಕರೆದರು, ಅವಳು ಎದ್ದು ಹೋದಳು.